ಸ್ಪೈಡರ್‌ಮ್ಯಾನ್ ಕೈಬಿಟ್ಟು ಹೋದದ್ದು, ಐರನ್‌ಮ್ಯಾನ್ ಕೈ ಹಿಡಿದದ್ದು: ಮಾರ್ವೆಲ್ ಸ್ಟುಡಿಯೋಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮಾರ್ವೆಲ್ ಸ್ಟುಡಿಯೋಸ್ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಕಥೆಯಲ್ಲೂ ಇಲ್ಲ, ನಟರಲ್ಲೂ ಇಲ್ಲ. ಯಾವ ಪಾತ್ರದ ಹಕ್ಕು ಯಾವ ವರ್ಷ ಯಾರ ಕೈಯಲ್ಲಿತ್ತು ಅನ್ನುವ ಕಾಗದಪತ್ರದಲ್ಲಿದೆ. ಹಾಗಾಗಿ ಉತ್ತರಗಳಲ್ಲಿ ಲೆಕ್ಕದ ಮಾತು ಸ್ವಲ್ಪ ಹೆಚ್ಚೇ ಬರುತ್ತದೆ.

ಪ್ರಶ್ನೆ: ಸ್ಪೈಡರ್‌ಮ್ಯಾನ್, ಎಕ್ಸ್-ಮೆನ್ ಎರಡೂ ಮಾರ್ವೆಲ್ ಕಾಮಿಕ್ಸ್‌ನವೇ. ಆದರೂ ಸಿನಿಮಾ ಮಾಡಿದ್ದು ಸೋನಿ ಮತ್ತು ಫಾಕ್ಸ್. ಇಂಥ ಪಾತ್ರಗಳನ್ನು ಯಾರಾದರೂ ಮಾರಿಕೊಳ್ಳುತ್ತಾರೆಯೇ?

ಕೊಟ್ಟಾಗ ಅವಕ್ಕೆ ಸಿನಿಮಾ ಪೇಟೆಯಲ್ಲಿ ಬೆಲೆಯೇ ಇರಲಿಲ್ಲ. 1985ರಲ್ಲಿ ಸ್ಪೈಡರ್‌ಮ್ಯಾನ್‌ನ ಚಿತ್ರಹಕ್ಕು ಕ್ಯಾನನ್ ಫಿಲ್ಮ್ಸ್‌ಗೆ ಹೋದದ್ದು 2.25 ಲಕ್ಷ ಡಾಲರಿಗೆ. ಕ್ಯಾನನ್ ಮುಳುಗಿತು, ಹಕ್ಕು ಕೈಯಿಂದ ಕೈಗೆ ದಾಟಿತು, ನಡುವೆ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಬಂದು ಹೋದರು, ವರ್ಷಗಟ್ಟಲೆ ಕೋರ್ಟು ಕಚೇರಿ ನಡೆಯಿತು. 1999ರಲ್ಲಿ ಅದು ಸೋನಿಯ ಪಾಲಾಯಿತು.

ಇವು ಪೂರ್ತಿ ಮಾರಾಟವಲ್ಲ. ಗೇಣಿಗೆ ಕೊಟ್ಟ ಜಮೀನಿನ ಹಾಗೆ. ಉಳುತ್ತಿರುವವರೆಗೆ ಬಿಡಿಸಿಕೊಳ್ಳಲು ಬಾರದು, ಬೀಳು ಬಿಟ್ಟರೆ ಒಡೆಯನಿಗೆ ವಾಪಸ್ಸು. ಗಡುವಿನೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ಹಿಂತಿರುಗಬೇಕು ಎಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಇದ್ದೇ ಇರುತ್ತದೆ. ಅದಕ್ಕಾಗಿ ಏನೆಲ್ಲ ಮಾಡುತ್ತಾರೆ ಅನ್ನುವುದಕ್ಕೆ ಫೆಂಟಾಸ್ಟಿಕ್ ಫೋರ್ ಸಾಕ್ಷಿ. ಜರ್ಮನಿಯ ನಿರ್ಮಾಪಕ ಬರ್ನ್ಡ್ ಐಷಿಂಗರ್ ಅವರ ಗಡುವು 1992ರ ಕೊನೆಗೆ ಮುಗಿಯುತ್ತಿತ್ತು. ಡಿಸೆಂಬರ್ ತಿಂಗಳ ಕಡೆಯ ವಾರದಲ್ಲಿ, ಅಗ್ಗದ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಅವರನ್ನು ಜೊತೆಗೆ ಹಾಕಿಕೊಂಡು, ಸುಮಾರು 10 ಲಕ್ಷ ಡಾಲರಿನಲ್ಲಿ ಚಿತ್ರೀಕರಣ ಶುರು ಮಾಡಿಬಿಟ್ಟರು. ಸಿನಿಮಾ ಪೂರ್ತಿಯಾಯಿತು, ಟ್ರೇಲರ್ ಕೂಡ ಬಂತು, ಬಿಡುಗಡೆ ಮಾತ್ರ ಆಗಲೇ ಇಲ್ಲ. ಹಕ್ಕು ಉಳಿಯಿತಲ್ಲ, ಅಷ್ಟು ಸಾಕಿತ್ತು. ಪಾಪ, ನಟರಿಗೆ ಮಾತ್ರ ಇದು ತಡವಾಗಿ ತಿಳಿಯಿತು.

ಕಂಪನಿಯ ಒಳಗಿನ ಸ್ಥಿತಿಯೂ ನೆಟ್ಟಗಿರಲಿಲ್ಲ. 1989ರಲ್ಲಿ ಉದ್ಯಮಿ ರೊನಾಲ್ಡ್ ಪೆರೆಲ್ಮನ್ 8.25 ಕೋಟಿ ಡಾಲರಿಗೆ ಮಾರ್ವೆಲ್ ಕೊಂಡರು, ಅದರ ಮೇಲೆ ಸಾಲ ಹೇರಿ ಟ್ರೇಡಿಂಗ್ ಕಾರ್ಡ್, ಸ್ಟಿಕ್ಕರ್ ಕಂಪನಿಗಳನ್ನೂ ಕೊಂಡರು. ಮುಂದೆ ಬೆಲೆ ಏರುತ್ತದೆಂದು ಕಾಮಿಕ್ಸ್ ಕೂಡಿಡುವ ಹುಚ್ಚು 90ರ ದಶಕದ ನಡುವೆ ಇಳಿದಾಗ ಮಾರಾಟ ನೆಲಕಚ್ಚಿತು. 1996ರ ಡಿಸೆಂಬರ್ 27ರಂದು ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಹೂಡಿಕೆದಾರ ಕಾರ್ಲ್ ಐಕಾನ್ ಜೊತೆ ಜಗ್ಗಾಟ ನಡೆದು, 1998ರಲ್ಲಿ ಕಂಪನಿ ಕೊನೆಗೆ ಸಿಕ್ಕಿದ್ದು ಟಾಯ್ ಬಿಜ್ ಎಂಬ ಆಟಿಕೆ ಕಂಪನಿಯ ಐಕ್ ಪರ್ಲ್‌ಮಟರ್ ಮತ್ತು ಅವಿ ಅರಾದ್ ಅವರಿಗೆ.

ಮಾರ್ವೆಲ್ ಸ್ಟುಡಿಯೋಸ್ ಹುಟ್ಟಿದ್ದೂ ಆ 1996ರಲ್ಲೇ. ಹೆಸರಿಗೆ ಸ್ಟುಡಿಯೋ ಆದರೂ ಆಗ ಅದು ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಚಿತ್ರಕಥೆ, ನಿರ್ದೇಶಕ, ನಟ ಇಷ್ಟನ್ನು ಹೊಂದಿಸಿ ದೊಡ್ಡ ಸ್ಟುಡಿಯೋ ಮುಂದೆ ಇಡುವುದು ಅದರ ಕೆಲಸ. ಇದರಲ್ಲಿ ಎಷ್ಟು ಸಿಗುತ್ತಿತ್ತು? 1998ರ 'ಬ್ಲೇಡ್' ಜಗತ್ತಿನಾದ್ಯಂತ ಸುಮಾರು 13 ಕೋಟಿ ಡಾಲರ್ ಗಳಿಸಿತು. ಮಾರ್ವೆಲ್‌ಗೆ ಸಂದದ್ದು ಬರೀ 25 ಸಾವಿರ ಎಂದು ವರದಿಯಾಗಿದೆ. 2002ರ 'ಸ್ಪೈಡರ್‌ಮ್ಯಾನ್' 82 ಕೋಟಿ ದಾಟಿದಾಗಲೂ ದೊಡ್ಡ ಪಾಲು ಸೋನಿಯದೇ.

ಪ್ರಶ್ನೆ: ಬ್ಯಾಂಕಿಗೆ ಪಾತ್ರಗಳನ್ನು ಅಡವಿಟ್ಟು 'ಐರನ್‌ಮ್ಯಾನ್' ತೆಗೆದರು ಎನ್ನುತ್ತಾರೆ. ಅದು ನಿಜವೇ? ಚಿತ್ರ ಸೋತಿದ್ದರೆ ಏನಾಗುತ್ತಿತ್ತು?

ಅಡವಿಟ್ಟದ್ದು ನಿಜ. ಆದರೆ ಅಡವಿಗೆ ಹೋದವರ ಪಟ್ಟಿಯಲ್ಲಿ ಐರನ್‌ಮ್ಯಾನ್ ಇರಲಿಲ್ಲ.

2003ರಲ್ಲಿ ಮಾರ್ವೆಲ್ ಸೇರಿದ ಡೇವಿಡ್ ಮೇಸೆಲ್ ವಾದ ಸರಳವಾಗಿತ್ತು: ಲಾಭ ಬೇಕಿದ್ದರೆ ಚಿತ್ರ ನಾವೇ ತೆಗೆಯಬೇಕು, ನಮ್ಮ ಗಂಟಿನ ದುಡ್ಡು ಮಾತ್ರ ಹೋಗಬಾರದು. ಕೈ ಬಿಗಿ ಹಿಡಿದೇ ವ್ಯವಹಾರ ಮಾಡುವ ಪರ್ಲ್‌ಮಟರ್ ಒಪ್ಪಿದ್ದು ಈ ಎರಡನೆಯ ಮಾತಿಗೆ ಎನ್ನಬೇಕು. 2005ರಲ್ಲಿ ಹಣಕಾಸು ಸಂಸ್ಥೆ ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಆಯಿತು. ಏಳು ವರ್ಷದ ಅವಧಿ, ಒಂದೊಂದು ಚಿತ್ರಕ್ಕೆ ಗರಿಷ್ಠ 16.5 ಕೋಟಿ, ಪಿಜಿ-13ಕ್ಕಿಂತ (13 ವರ್ಷದೊಳಗಿನವರಿಗೆ ಪೋಷಕರ ಎಚ್ಚರ ಬೇಕೆನ್ನುವ ಅಮೆರಿಕದ ದರ್ಜೆ) ಕಠಿಣ ಸರ್ಟಿಫಿಕೇಟ್ ಕೂಡದು. ಅಡಮಾನವಾಗಿ ಹತ್ತು ಹೆಸರುಗಳ ಚಿತ್ರಹಕ್ಕು: ಕ್ಯಾಪ್ಟನ್ ಅಮೆರಿಕ, ಅವೆಂಜರ್ಸ್, ನಿಕ್ ಫ್ಯೂರಿ, ಬ್ಲ್ಯಾಕ್ ಪ್ಯಾಂಥರ್, ಆ್ಯಂಟ್‌ಮ್ಯಾನ್, ಕ್ಲೋಕ್ ಅಂಡ್ ಡ್ಯಾಗರ್, ಡಾಕ್ಟರ್ ಸ್ಟ್ರೇಂಜ್, ಹಾಕ್‌ಐ, ಪವರ್ ಪ್ಯಾಕ್, ಶಾಂಗ್-ಚಿ. ಸಾಲ ತೀರದಿದ್ದರೆ ಈ ಪಾತ್ರಗಳ ಚಿತ್ರಹಕ್ಕು ಸಾಲ ಕೊಟ್ಟವರಿಗೆ ಹೋಗುತ್ತಿತ್ತು. ಕಾಮಿಕ್ಸ್, ಆಟಿಕೆ ವ್ಯಾಪಾರಕ್ಕೆ ಕೈ ಹಚ್ಚುವಂತಿರಲಿಲ್ಲ. ಅಂದರೆ ಮಾರ್ವೆಲ್ ಬೀದಿಗೆ ಬೀಳುತ್ತಿರಲಿಲ್ಲ, ಇಂದು ನಾವು ಕಾಣುವ ಸ್ಟುಡಿಯೋ ಮಾತ್ರ ಇರುತ್ತಿರಲಿಲ್ಲ.

ವಿತರಣೆ ಪ್ಯಾರಾಮೌಂಟ್‌ನದು, ಅದಕ್ಕೆ ಪ್ರತಿಯಾಗಿ ಶುಲ್ಕ. ಆಟಿಕೆ, ಟೀ ಶರ್ಟ್ ಮುಂತಾದ ಸರಕಿನ ಆದಾಯ ಮಾರ್ವೆಲ್‌ನದು. ಒಪ್ಪಂದದ ಜೀವಾಳ ಇದೇ ಎಂಬುದು ನಮ್ಮ ಅಭಿಪ್ರಾಯ. ಆಟಿಕೆಯವರು ನಡೆಸುವ ಕಂಪನಿಗೆ ಸಿನಿಮಾ ಹಾಕಿದ ಬಂಡವಾಳ ಹುಟ್ಟಿಸಿದರೂ ನಡೆಯುತ್ತಿತ್ತು.

ಐರನ್‌ಮ್ಯಾನ್ ಹಕ್ಕು ನ್ಯೂ ಲೈನ್ ಸಿನಿಮಾದಿಂದ ವಾಪಸ್ಸು ಬಂದದ್ದು ಸಾಲದ ಒಪ್ಪಂದ ಆದ ಮೇಲೆ, 2005ರ ನವೆಂಬರ್‌ನಲ್ಲಿ. ಮುಂದಿನ ವರ್ಷ ಯೂನಿವರ್ಸಲ್‌ನಿಂದ ಹಲ್ಕ್ ಬಂತು. ಕೈಗೆ ಹೊಸದಾಗಿ ಬಂದ ಈ ಎರಡರಿಂದಲೇ ಕೆಲಸ ಶುರುವಾಯಿತು. 2006ರಲ್ಲಿ ಅರಾದ್ ಹೊರಬಿದ್ದರು, 2007ರಲ್ಲಿ ಕೆವಿನ್ ಫೈಗಿ ನಿರ್ಮಾಣದ ಚುಕ್ಕಾಣಿ ಹಿಡಿದರು. 2008ರ ಮೇ 2ರಂದು ಅಮೆರಿಕದಲ್ಲಿ ತೆರೆಕಂಡ 'ಐರನ್‌ಮ್ಯಾನ್' ಸುಮಾರು 14 ಕೋಟಿ ಖರ್ಚಿಗೆ 58.5 ಕೋಟಿ ತಂದಿತು. ಆರು ವಾರದ ನಂತರ ಬಂದ 'ದಿ ಇನ್‌ಕ್ರೆಡಿಬಲ್ ಹಲ್ಕ್' 15 ಕೋಟಿ ಹಾಕಿಸಿಕೊಂಡು 26 ಕೋಟಿಯ ಆಸುಪಾಸಿನಲ್ಲಿ ನಿಂತಿತು. ಚಿತ್ರಮಂದಿರದವರ ಪಾಲು, ಪ್ರಚಾರದ ಖರ್ಚು ಕಳೆದರೆ ಇದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಎರಡರ ಬಿಡುಗಡೆ ಕ್ರಮ ತಿರುವುಮುರುವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು.

2009ರ ಆಗಸ್ಟ್ 31ರಂದು ಡಿಸ್ನಿ ಸುಮಾರು 400 ಕೋಟಿ ಡಾಲರಿಗೆ ಇಡೀ ಮಾರ್ವೆಲ್ ಕೊಳ್ಳುವುದಾಗಿ ಪ್ರಕಟಿಸಿತು. ವಿತರಣೆ ಇನ್ನೂ ಪ್ಯಾರಾಮೌಂಟ್ ಬಳಿ ಇದ್ದುದರಿಂದ 'ದಿ ಅವೆಂಜರ್ಸ್', 'ಐರನ್‌ಮ್ಯಾನ್ 3' ಎರಡನ್ನು ಬಿಡಿಸಿಕೊಳ್ಳಲು 2010ರಲ್ಲಿ ಕನಿಷ್ಠ 11.5 ಕೋಟಿ ಕೊಡಬೇಕಾಯಿತು. 2012ರ 'ದಿ ಅವೆಂಜರ್ಸ್' ಆರಂಭದಲ್ಲಿ ಪ್ಯಾರಾಮೌಂಟ್ ಲಾಂಛನ ಕಾಣುವುದು ಇದೇ ಕಾರಣಕ್ಕೆ. ಬಿಡುಗಡೆ ಮಾಡಿದ್ದು ಡಿಸ್ನಿ.

ಪ್ರಶ್ನೆ: 2008ರ ನಂತರ ಹಲ್ಕ್‌ಗೆ ಒಂಟಿ ಚಿತ್ರ ಯಾಕಿಲ್ಲ? ಸ್ಪೈಡರ್‌ಮ್ಯಾನ್ ಈಗ ಯಾರವನು?

ಹಲ್ಕ್ ನಿರ್ಮಾಣದ ಹಕ್ಕು ಬಂತು, ವಿತರಣೆಯ ಹಿಡಿತ ಯೂನಿವರ್ಸಲ್‌ನಲ್ಲೇ ಉಳಿಯಿತು. ತಾನು ದುಡ್ಡು ಹಾಕಿ ಬೇರೆಯವರಿಗೆ ವಿತರಣಾ ಶುಲ್ಕ ಕೊಡುವ ಉಮೇದು ಡಿಸ್ನಿಗೆ ಬರಲಿಲ್ಲ. ಅವೆಂಜರ್ಸ್ ಗುಂಪಿನಲ್ಲೋ ಥೋರ್ ಜೊತೆಗೋ ಬಂದರೆ ಆ ತಕರಾರಿಲ್ಲ. ಹಾಗೇ ಬರುತ್ತಿದ್ದಾನೆ.

ಸ್ಪೈಡರ್‌ಮ್ಯಾನ್ ಚಿತ್ರಹಕ್ಕು ಇಂದಿಗೂ ಸೋನಿಯದೇ. 2015ರ ಫೆಬ್ರವರಿಯ ಒಪ್ಪಂದದಂತೆ ದುಡ್ಡು ಮತ್ತು ವಿತರಣೆ ಸೋನಿಯದು, ನಿರ್ಮಾಣದ ಹೊಣೆ ಮಾರ್ವೆಲ್ ಸ್ಟುಡಿಯೋಸ್‌ನದು. ಬದಲಿಗೆ ಅವನು ಮಾರ್ವೆಲ್ ಚಿತ್ರಗಳಲ್ಲಿ ಬರಬಹುದು. 2019ರ ಆಗಸ್ಟ್‌ನಲ್ಲಿ ಇದು ಮುರಿದುಬಿತ್ತು, ಮರುತಿಂಗಳೇ ಮತ್ತೆ ಕೂಡಿತು. ಈ ಸಲ ಡಿಸ್ನಿ ಕಾಲು ಭಾಗ ಬಂಡವಾಳ ಹಾಕಿ ಕಾಲು ಭಾಗ ಲಾಭ ಪಡೆಯುತ್ತದೆ ಎಂಬ ಲೆಕ್ಕದಲ್ಲಿ. ಸರಕಿನ ಆದಾಯವನ್ನಂತೂ 2011ರಲ್ಲೇ ಸೋನಿಯಿಂದ ಬಿಡಿಸಿಕೊಂಡಾಗಿತ್ತು. ಎಕ್ಸ್-ಮೆನ್, ಫೆಂಟಾಸ್ಟಿಕ್ ಫೋರ್ ಮನೆಗೆ ಬಂದದ್ದು 2019ರ ಮಾರ್ಚ್‌ನಲ್ಲಿ, ಡಿಸ್ನಿ ಫಾಕ್ಸ್ ಕಂಪನಿಯನ್ನೇ ಕೊಂಡಾಗ.

ಪ್ರಶ್ನೆ: 'ಏಜೆಂಟ್ಸ್ ಆಫ್ ಶೀಲ್ಡ್' ಸರಣಿ ಶುರುವಿನಲ್ಲಿ ಎಳೆದಾಡುತ್ತಿತ್ತು, ಸಿನಿಮಾದವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈಗಿನ ಡಿಸ್ನಿ ಪ್ಲಸ್ ಸರಣಿಗಳಾದರೂ ಯಾಕೆ ಒಂದೇ ಮಟ್ಟದಲ್ಲಿಲ್ಲ?

ಎರಡೂ ತೊಂದರೆಗಳ ಬೇರು ಬೇರೆ ಬೇರೆ.

ಹಳೆಯದನ್ನು ಮೊದಲು ನೋಡೋಣ. 2010ರಲ್ಲಿ ಜೆಫ್ ಲೋಬ್ ನೇತೃತ್ವದಲ್ಲಿ ಹುಟ್ಟಿದ ಮಾರ್ವೆಲ್ ಟೆಲಿವಿಷನ್ ಬೇರೆಯೇ ವಿಭಾಗ. ಎಬಿಸಿ ವಾಹಿನಿಯ 'ಏಜೆಂಟ್ಸ್ ಆಫ್ ಶೀಲ್ಡ್' 2013ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಮೊದಲ ಸೀಸನ್ 22 ಕಂತು. ಆದರೆ 2014ರ ಏಪ್ರಿಲ್ 4ರಂದು ಬರಲಿದ್ದ 'ದಿ ವಿಂಟರ್ ಸೋಲ್ಜರ್' ಚಿತ್ರದಲ್ಲಿ ಸರಣಿಯ ನಾಯಕರು ಕೆಲಸ ಮಾಡುವ ಶೀಲ್ಡ್ ಎಂಬ ಗೂಢಚಾರ ಸಂಸ್ಥೆಯೇ ಉರುಳುತ್ತದೆ. ಸರಣಿಯ ಬರಹಗಾರರಿಗೆ ಇದು ಗೊತ್ತು, ಬಾಯಿ ಬಿಡುವಂತಿಲ್ಲ. ಹದಿನಾರು ಕಂತು ಕಾಲ ತಳ್ಳಿದರು. ಚಿತ್ರ ಬಂದ ನಾಲ್ಕು ದಿನಕ್ಕೆ, ಏಪ್ರಿಲ್ 8ರಂದು ಪ್ರಸಾರವಾದ ಹದಿನೇಳನೇ ಕಂತಿನಿಂದ ಸರಣಿ ಒಮ್ಮೆಲೇ ಚುರುಕಾಯಿತು. ಮತ್ತೆ ನೋಡುವ ಮನಸ್ಸಿದ್ದರೆ ಹದಿನಾರನೇ ಕಂತಾದ ಮೇಲೆ ಆ ಸಿನಿಮಾ ನೋಡಿ, ಆಮೇಲೆ ಹದಿನೇಳಕ್ಕೆ ಹೋಗಿ, ರುಚಿಯೇ ಬೇರೆ.

2015ರಲ್ಲಿ ಬಿರುಕು ದೊಡ್ಡದಾಯಿತು. ನ್ಯೂಯಾರ್ಕಿನಲ್ಲಿ ಕುಳಿತ ಪರ್ಲ್‌ಮಟರ್ ಮತ್ತು ಅವರ ಸೃಜನ ಸಮಿತಿಯ ಹಿಡಿತದಿಂದ ಬಿಡಿಸಿ ಫೈಗಿಯವರನ್ನು ನೇರವಾಗಿ ಡಿಸ್ನಿ ಚಿತ್ರ ವಿಭಾಗದ ಕೆಳಗೆ ತಂದರು. ಟೆಲಿವಿಷನ್ ಮಾತ್ರ ಪರ್ಲ್‌ಮಟರ್ ಕಡೆಗೇ ಉಳಿಯಿತು. ಎರಡು ಮನೆ, ಎರಡು ಯಜಮಾನಿಕೆ. ನೆಟ್‌ಫ್ಲಿಕ್ಸ್‌ನ 'ಡೇರ್‌ಡೆವಿಲ್' ಗುಂಪಿನ ಸರಣಿಗಳು 2018-19ರಲ್ಲಿ ನಿಂತವು. 2019ರ ಡಿಸೆಂಬರ್ ಹೊತ್ತಿಗೆ ಟೆಲಿವಿಷನ್ ವಿಭಾಗವೇ ಸ್ಟುಡಿಯೋಸ್‌ನಲ್ಲಿ ಕರಗಿತು.

ಆಮೇಲಿನದು ಕೆಲಸದ ವಿಧಾನದ ತಪ್ಪು. ಅಮೆರಿಕದ ಟಿವಿಯಲ್ಲಿ ಮೊದಲು ಒಂದು ಪೈಲಟ್ ಕಂತು ತೆಗೆದು, ಎಲ್ಲಿ ಸೋರುತ್ತದೆ ಎಂದು ನೋಡಿ, ನಂತರ ಉಳಿದದ್ದು ಬರೆಯುತ್ತಾರೆ. ಬರಹ, ಬಜೆಟ್, ಎಡಿಟಿಂಗ್ ಎಲ್ಲಕ್ಕೂ ಕಡೆಯ ಮಾತು ಸರಣಿಯ ಮುಖ್ಯಸ್ಥ ಷೋರನ್ನರ್‌ದು. 2021ರ ಜನವರಿಯಲ್ಲಿ 'ವಾಂಡಾವಿಷನ್' ಮೂಲಕ ಇಳಿದ ಮಾರ್ವೆಲ್ ಸ್ಟುಡಿಯೋಸ್ ಈ ಎರಡನ್ನೂ ಕೈಬಿಟ್ಟಿತು. ಇಡೀ ಸೀಸನ್ನನ್ನು ಉದ್ದನೆಯ ಸಿನಿಮಾದಂತೆ ತೆಗೆಯುವುದು, ಎಡಿಟಿಂಗ್‌ನಲ್ಲಿ ಕಂಡ ಹುಳುಕನ್ನು ಮರುಚಿತ್ರೀಕರಣದಲ್ಲಿ ಸರಿಪಡಿಸುವುದು. ಎರಡೂವರೆ ತಾಸಿನ ಚಿತ್ರಕ್ಕೆ ಇದು ನಡೆಯುತ್ತದೆ, ಅಲ್ಲಿ ಮರುಚಿತ್ರೀಕರಣದ ದಿನಗಳನ್ನು ಮೊದಲೇ ವೇಳಾಪಟ್ಟಿಯಲ್ಲಿ ಇಟ್ಟಿರುತ್ತಾರೆ. ಆರೆಂಟು ಕಂತಿನ ಸರಣಿಯಲ್ಲಿ ಮೂರನೇ ಕಂತಿನ ದೋಷ ಆರನೆಯದರ ತನಕ ಹರಡಿರುತ್ತದೆ.

2023ರಲ್ಲಿ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಹೀಗೇ ಸಿಕ್ಕಿಬಿತ್ತು. ಯೋಜಿಸಿದ್ದು 18 ಕಂತು. ಅರ್ಧಕ್ಕಿಂತ ಕಡಿಮೆ ತೆಗೆದಿದ್ದಾಗ ಬರಹಗಾರರ ಮುಷ್ಕರದಿಂದ ಕೆಲಸ ನಿಂತಿತು, ಆಗಿದ್ದಷ್ಟನ್ನು ನೋಡಿ ಬರಹಗಾರರನ್ನೂ ನಿರ್ದೇಶಕರನ್ನೂ ಬದಲಿಸಿದರು. ಡಾರಿಯೋ ಸ್ಕಾರ್ಡಪೇನ್ ಷೋರನ್ನರ್ ಆಗಿ ಬಂದರು, 2025ರ ಮಾರ್ಚ್‌ನಲ್ಲಿ ಮೊದಲ 9 ಕಂತು ಹೊರಬಂತು.

ರಾಶಿಯ ತೊಂದರೆಯೂ ಇದೆ. 2008ರಿಂದ 2019ರವರೆಗೆ 23 ಚಿತ್ರ. 2021 ಒಂದೇ ವರ್ಷದಲ್ಲಿ ನಾಲ್ಕು ಚಿತ್ರ, ಐದು ಸರಣಿ. ಕಂಪ್ಯೂಟರಿನಲ್ಲಿ ದೃಶ್ಯ ಸೃಷ್ಟಿಸುವ ವಿಎಫ್‌ಎಕ್ಸ್ ಕಂಪನಿಗಳು ಸಾಮಾನ್ಯವಾಗಿ ಮೊದಲೇ ಒಪ್ಪಿದ ಮೊತ್ತಕ್ಕೆ ಕೆಲಸ ಹಿಡಿಯುತ್ತವೆ. ಬಿಡುಗಡೆಗೆ ತಿಂಗಳಿರುವಾಗ ಕ್ಲೈಮ್ಯಾಕ್ಸ್ ಬದಲಾದರೆ ಹೊರೆ ಬೀಳುವುದು ಕಲಾವಿದರ ರಾತ್ರಿ ನಿದ್ದೆಯ ಮೇಲೆ. ಸ್ಟುಡಿಯೋದ ಸ್ವಂತ ವಿಎಫ್‌ಎಕ್ಸ್ ಸಿಬ್ಬಂದಿ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮತದಿಂದ ಕಾರ್ಮಿಕ ಸಂಘ ಸೇರಿದ್ದು ಇದರ ಫಲ.

ಪ್ರಶ್ನೆ: ಚಿತ್ರೀಕರಣ ಹಾಲಿವುಡ್‌ನಲ್ಲಿ ಆಗದೆ ಅಟ್ಲಾಂಟಾದಲ್ಲಿ ಯಾಕೆ? ಬೆಂಗಳೂರಿನಲ್ಲಿ ಏನಾದರೂ ಕೆಲಸ ಆಗಿದೆಯೇ?

ತೆರಿಗೆ. ಜಾರ್ಜಿಯಾ ರಾಜ್ಯದಲ್ಲಿ 5 ಲಕ್ಷ ಡಾಲರಿಗೆ ಮೇಲ್ಪಟ್ಟು ಖರ್ಚು ಮಾಡಿದರೆ 20 ಶೇಕಡಾ ತೆರಿಗೆ ಕ್ರೆಡಿಟ್. ಕೊನೆಯ ಹೆಸರುಪಟ್ಟಿಯಲ್ಲಿ ರಾಜ್ಯದ ಪೀಚ್ ಹಣ್ಣಿನ ಲಾಂಛನ ಹಾಕಿದರೆ ಇನ್ನೂ 10. ಅಂದರೆ 10 ಕೋಟಿ ಖರ್ಚಿಗೆ 3 ಕೋಟಿಯ ಕ್ರೆಡಿಟ್, ತನಗೆ ಅಲ್ಲಿ ಅಷ್ಟು ತೆರಿಗೆ ಬಾಕಿ ಇಲ್ಲದಿದ್ದರೆ ಬೇರೆ ತೆರಿಗೆದಾರರಿಗೆ ಮಾರಬಹುದು. 'ಆ್ಯಂಟ್‌ಮ್ಯಾನ್'ನಿಂದ ಶುರುವಾಗಿ ಹಲವು ಚಿತ್ರಗಳು ಅಟ್ಲಾಂಟಾ ಪಕ್ಕದ ಫೇಯೆಟ್‌ವಿಲ್‌ನ ಸ್ಟುಡಿಯೋದಲ್ಲಿ ಆದವು. ಈಚೆಗೆ ದೊಡ್ಡ ಚಿತ್ರಗಳು ಇಂಗ್ಲೆಂಡಿನ ಪೈನ್‌ವುಡ್ ಕಡೆ ಹೊರಳಿವೆ.

ಬೆಂಗಳೂರಿನ ನಂಟು ವಿಎಫ್‌ಎಕ್ಸ್ ಮೂಲಕ. 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ'ಯ ಗ್ರೂಟ್ ಪಾತ್ರಕ್ಕೆ ಜೀವ ಕೊಟ್ಟ ಎಂಪಿಸಿ ಕಂಪನಿಗೆ ಇಲ್ಲಿ ದೊಡ್ಡ ಶಾಖೆಯಿತ್ತು. ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದಾಗ ಭಾರತದ ಶಾಖೆಗಳೂ ಬಾಗಿಲು ಹಾಕಿದವು.

ಪ್ರಶ್ನೆ: ಮಕ್ಕಳಿಗೆ ಮೊದಲಿಂದ ತೋರಿಸಬೇಕು. ಯಾವ ಕ್ರಮ? ಕನ್ನಡದಲ್ಲಿ ಸಿಗುತ್ತದೆಯೇ?

ಬಿಡುಗಡೆಯ ಕ್ರಮದಲ್ಲೇ ತೋರಿಸಿ. ಕಥೆಯ ಕಾಲಕ್ರಮ ಹಿಡಿದರೆ 90ರ ದಶಕದಲ್ಲಿ ನಡೆಯುವ 'ಕ್ಯಾಪ್ಟನ್ ಮಾರ್ವೆಲ್' ಎರಡನೆಯದಾಗಿ ಬರುತ್ತದೆ, ಅದರ ಕೊನೆಯ ತುಣುಕು ಮಾತ್ರ 'ಇನ್ಫಿನಿಟಿ ವಾರ್' ಆದಮೇಲಿನದು. ಗುಟ್ಟು ಅಲ್ಲೇ ರಟ್ಟು. ಆರಂಭದ ಲಾಂಛನವನ್ನೂ ಗಮನಿಸಿ: 'ಮಾರ್ವೆಲ್ ಸ್ಟುಡಿಯೋಸ್' ಎಂದಿದ್ದರೆ ಇವರದೇ ನಿರ್ಮಾಣ. 'ವೆನಮ್', 'ಮೋರ್ಬಿಯಸ್' ಮುಂತಾದವುಗಳಲ್ಲಿ ಸೋನಿ, ಕೊಲಂಬಿಯಾ ಜೊತೆಗೆ ಬರೀ 'ಮಾರ್ವೆಲ್' ಇರುತ್ತದೆ; ಈ ಸರಣಿಯ ಕಥೆ ತಿಳಿಯಲು ಅವನ್ನು ನೋಡಬೇಕಾಗಿಲ್ಲ.

ಡಬ್ಬಿಂಗ್‌ಗೆ ಹಾಕಿದ್ದ ಅಡ್ಡಿ ಸ್ಪರ್ಧಾ ನಿಯಮಕ್ಕೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪು ಕೊಟ್ಟ ಮೇಲೂ ಮಾರ್ವೆಲ್ ಚಿತ್ರಗಳು ಕನ್ನಡಕ್ಕೆ ಬರಲು ವರ್ಷಗಳೇ ಹಿಡಿದವು. 2019ರ 'ಎಂಡ್‌ಗೇಮ್' ಹಿಂದಿ, ತಮಿಳು, ತೆಲುಗಿಗಷ್ಟೇ ಡಬ್ ಆಯಿತು. 2022ರ 'ಡಾಕ್ಟರ್ ಸ್ಟ್ರೇಂಜ್ ಇನ್ ದಿ ಮಲ್ಟಿವರ್ಸ್ ಆಫ್ ಮ್ಯಾಡ್ನೆಸ್' ಕನ್ನಡದಲ್ಲೂ ತೆರೆಕಂಡಿತು, ಆದರೆ ಅದು ಭಯದ ದೃಶ್ಯಗಳಿರುವ ಚಿತ್ರ, ಚಿಕ್ಕ ಮಕ್ಕಳಿಗೆ ಬೇಡ. ಜಿಯೋಹಾಟ್‌ಸ್ಟಾರ್‌ನಲ್ಲಿ ನೋಡುವುದಾದರೆ ಚಿತ್ರ ಶುರುವಾದ ಮೇಲೆ ಆಡಿಯೋ ಆಯ್ಕೆ ಒತ್ತಿ ಕನ್ನಡ ಇದೆಯೇ ನೋಡಿಕೊಳ್ಳಿ. ಹಳೆಯ ಚಿತ್ರಗಳಲ್ಲಿ ಅದು ಇಲ್ಲದಿದ್ದರೆ ಇಂಗ್ಲಿಷ್ ಇಟ್ಟು ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕಾಗುತ್ತದೆ.