ಪೆರಿನ್ ಮಿಸ್ತ್ರಿ ಹೆಸರಲ್ಲಿ ನಕ್ಷೆ ಸಿಗದಿದ್ದರೆ

ಭಾರತದ ಮೊದಲ ಮಹಿಳಾ ಆರ್ಕಿಟೆಕ್ಟ್ ಎನಿಸಿಕೊಂಡ ಪೆರಿನ್ ಮಿಸ್ತ್ರಿ ಹೆಸರಲ್ಲಿ ಹುಡುಕಿದರೆ ಒಂದೂ ಕಟ್ಟಡದ ನಕ್ಷೆ ಸಿಗುತ್ತಿಲ್ಲ ಅಂದಿದ್ದೀರಿ. ಹೆಚ್ಚಾಗಿ ಕಾರಣ ಇದೇ: ಕೆಲಸ ಅವರದ್ದು, ಹೆಸರು ಸಂಸ್ಥೆಯದ್ದು. ಅಪ್ಪನ ‘ಡಿಚ್‌ಬರ್ನ್, ಮಿಸ್ತ್ರಿ ಅಂಡ್ ಭೇದ್ವಾರ್’ ಎಂಬ ಆರ್ಕಿಟೆಕ್ಟ್ ಸಂಸ್ಥೆಯಲ್ಲೇ ಅವರು ದುಡಿದದ್ದು. ಮೊದಲು ಆ ಪೂರ್ತಿ ಹೆಸರಲ್ಲಿ ಹುಡುಕಿ. ಸುಮ್ನೆ ‘ಮಿಸ್ತ್ರಿ’ ಅಂತ ಹಾಕಿದರೆ ಅಪ್ಪನ ಕೆಲಸವೂ ಬಂದು ಬೆರೆಯುತ್ತದೆ.

ಆಮೇಲೆ ಇಸವಿ ನೋಡಿ. 1936ರಲ್ಲಿ ಮುಂಬೈನ ಸರ್ ಜೆ.ಜೆ. ಕಲಾಶಾಲೆಯಲ್ಲಿ ಡಿಪ್ಲೊಮಾ ಮುಗಿಸಿದರು, 1937ರಲ್ಲಿ ಅಪ್ಪನ ಸಂಸ್ಥೆಯಲ್ಲಿ ಪಾಲುದಾರರಾದರು. ಅದಕ್ಕೂ ಹಿಂದಿನದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಾಗಂತ ನಂತರದ್ದೆಲ್ಲ ಅವರದೇ ಅನ್ನುವಂತಿಲ್ಲ. ಸೋದರ ಮಿನೋಚರ್ ಕೂಡ ಅಲ್ಲೇ ಇದ್ದರಲ್ವಾ? ಇಸವಿಯೊಂದನ್ನೇ ನಂಬಿದರೆ ತಪ್ಪಾಗಬಹುದು.

ಅದಕ್ಕೇ ಪೆರಿನ್ ಅವರದೆಂದು ಈಗಾಗಲೇ ಗುರುತಿಸಿರುವ ಕಟ್ಟಡಗಳಿಂದ ಶುರು ಮಾಡಿ: ಕಾರ್ಮೈಕಲ್ ರಸ್ತೆಯಲ್ಲಿ ಸರ್ ಬೆಹ್ರಾಮ್‌ಜಿ ಕರಂಜಿಯಾ ಅವರ ಬಂಗಲೆ, ಕಂಬಾಲಾ ಹಿಲ್‌ನ ಸೇಂಟ್ ಸ್ಟೀಫನ್ಸ್ ಚರ್ಚ್, ಬೊರಿವಲಿಯ ಖಟಾವ್ ಮಿಲ್. ಇವುಗಳ ಹಳೆ ನಕ್ಷೆ ಉಳಿದಿದೆಯಾ ಅಂತ ಪಾಲಿಕೆಯಲ್ಲಿ, ಚರ್ಚಿನ ಕಚೇರಿಯಲ್ಲಿ ಕೇಳಿ. ಸಿಕ್ಕರೆ ಸಹಿ ಇರುವ ಮೂಲೆಯ ಫೋಟೊ ತೆಗೆದುಕೊಳ್ಳಿ. ಆ ಕೈಬರಹ ಮುಂದಿನ ನಕ್ಷೆಗಳ ಜೊತೆ ಹೋಲಿಸಲು ಬೇಕಾಗುತ್ತದೆ.

ಸಹಿಯೇ ಇಲ್ಲದಿದ್ದರೆ ‘ಸಂಸ್ಥೆಯ ಕೆಲಸ, ಪೆರಿನ್ ಪಾಲುದಾರರಾಗಿದ್ದ ಕಾಲದ್ದು’ ಅಂತ ಬರೆಯಿರಿ. ಸುಮಾರು ಅರ್ಧ ಶತಮಾನ ದುಡಿದವರು ಅವರು. ಅವರ ಹೆಸರನ್ನು ಪೂರ್ತಿ ಬಿಟ್ಟುಬಿಡಬೇಡಿ.