ಚೀಟಿ ಕೊಟ್ಟ ಮೇಲೂ ಫೋನ್ ಬರುವುದೇಕೆ?

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮದು ಡ್ರಿಪ್ (ಹನಿ ನೀರಾವರಿ) ಸಾಮಾನಿನ ಅಂಗಡಿ. ಟೊಮೆಟೊ ಬೆಳೆಯುವವರೇ ಜಾಸ್ತಿ ಬರುತ್ತಾರೆ. ಫಿಲ್ಟರ್ ತೊಳೆಯುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ ಪ್ರಿಂಟ್ ಹಾಕಿಸಿ ಎಲ್ಲರಿಗೂ ಕೊಡುತ್ತೇವೆ. ಆದರೂ ತೋಟದಿಂದಲೇ ಫೋನ್ ಮಾಡಿ "ಈಗೇನು ಮಾಡಲಿ" ಅಂತ ಕೇಳುತ್ತಾರೆ. ಜನ ಓದುವುದೇ ಇಲ್ವಾ? ಪುಟವನ್ನು ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.

ಉತ್ತರ: ಓದುತ್ತಾರೆ ಸ್ವಾಮಿ. ಓದಿ ಅರ್ಥವಾಗದೆ ಫೋನ್ ಮಾಡುತ್ತಿದ್ದಾರೆ. ನಿಮ್ಮ ಪುಟದ ಮೊದಲ ಸಾಲು ಹೀಗಿದೆ: "ಫಿಲ್ಟರನ್ನು ನಿಯತಕಾಲಿಕವಾಗಿ ಸ್ವಚ್ಛಗೊಳಿಸತಕ್ಕದ್ದು, ಅದಕ್ಕೂ ಮುನ್ನ ಪಂಪನ್ನು ಸ್ಥಗಿತಗೊಳಿಸಿ ಒತ್ತಡವನ್ನು ಬಿಡುಗಡೆಗೊಳಿಸಿ ಮುಚ್ಚಳವನ್ನು ತೆರೆದು ಜಾಲರಿಯನ್ನು ಹೊರತೆಗೆಯತಕ್ಕದ್ದು." ಒಂದೇ ಉಸಿರಲ್ಲಿ ನಾಲ್ಕು ಕೆಲಸ! ಕೈ ಕೆಸರಾಗಿರುವವನು ಒಂದು ಕೆಲಸ ಮುಗಿಸಿ ಮತ್ತೆ ಚೀಟಿ ನೋಡಿದರೆ ಎಲ್ಲಿದ್ದೆ ಅನ್ನೋದೇ ಸಿಗುವುದಿಲ್ಲ. ಅದರ ಮೇಲೆ ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಕನ್ನಡ ಸ್ಕೂಲಲ್ಲಿ ಕಲಿತದ್ದು. ಅವರಿಗೆ "ಸ್ಥಗಿತಗೊಳಿಸಿ" ಯಾಕೆ? ಅಂಗಡಿಯಲ್ಲಿ ನಿಂತು ನೀವೇ "ಮೋಟಾರ್ ಆಫ್ ಮಾಡಪ್ಪ" ಅನ್ನುವುದಿಲ್ವಾ, ಹಾಗೇ ಬರೆಯಿರಿ.

ಇನ್ನು "ನಿಯತಕಾಲಿಕವಾಗಿ" ಅಂದರೆ ಯಾವಾಗ? ವಾರಕ್ಕೋ, ತಿಂಗಳಿಗೋ? ನಿಜ ಹೇಳಬೇಕೆಂದರೆ ದಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ, ಒಬ್ಬರ ಬೋರ್‌ವೆಲ್‌ನಲ್ಲಿ ಮರಳು ಜಾಸ್ತಿ, ಇನ್ನೊಬ್ಬರದ್ದರಲ್ಲಿ ಕಮ್ಮಿ. ಫಿಲ್ಟರ್‌ನ ಹಿಂದೊಂದು ಮುಂದೊಂದು ಪ್ರೆಶರ್ ಗೇಜ್ ಇರುತ್ತದಲ್ಲ, ಕಸ ಕಟ್ಟಿದಂತೆಲ್ಲ ಎರಡರ ನಡುವಿನ ವ್ಯತ್ಯಾಸ ಹೆಚ್ಚಾಗುತ್ತದೆ. ಎಷ್ಟು ವ್ಯತ್ಯಾಸ ಬಂದಾಗ ತೊಳೆಯಬೇಕು ಅಂತ ನೀವು ಮಾರುವ ಕಂಪನಿ ಕೊಟ್ಟ ಅಂಕಿಯನ್ನು ದಪ್ಪಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿ. ಆಮೇಲೆ ಕೆಲಸ ಶುರುವಾಗಲಿ.

ಎರಡನೇ ತೊಂದರೆ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಅನ್ನುವುದು ಲೆಕ್ಕ, ಅದು ಯಾವ ಹೊತ್ತಿಗೆ ಬರುತ್ತೋ ಅಂತ ಎಷ್ಟೋ ಜನ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟ್ ಇಲ್ಲದಾಗ ಮೋಟಾರ್ ಹೇಗೂ ನಿಂತಿದೆ, ಈಗಲೇ ತೊಳೆದುಬಿಡೋಣ ಅಂತ ರೈತ ಮುಚ್ಚಳ ಬಿಚ್ಚುತ್ತಾನೆ. ಅಷ್ಟರಲ್ಲಿ ಕರೆಂಟ್ ಬಂದರೆ ಮೋಟಾರ್ ತಾನಾಗೇ ಎದ್ದು ಕೂರುತ್ತದೆ! ನಿಮ್ಮ "ಪಂಪನ್ನು ಸ್ಥಗಿತಗೊಳಿಸಿ"ಯಲ್ಲಿ ಇದು ಎಲ್ಲಿದೆ? ನಿಮಗೆ ಗೊತ್ತಿರುವುದರಿಂದ ಬರೆದಿಲ್ಲ. ಕೈ ಪಳಗಿದವರು ಬಿಟ್ಟುಬಿಡುವುದು ಇಂಥ ಹೆಜ್ಜೆಗಳನ್ನೇ. ನಾನಾದರೆ ಹೀಗೆ ಬರೆಯುತ್ತೇನೆ, ಒಂದು ನಂಬರಿಗೆ ಒಂದೇ ಕೆಲಸ:

"1. ಕರೆಂಟ್ ಇಲ್ಲದಿದ್ದರೂ ಸರಿ, ಸ್ಟಾರ್ಟರನ್ನು ಆಟೋದಿಂದ ತೆಗೆಯಿರಿ, ಮೇನ್ ಸ್ವಿಚ್ ಆಫ್ ಮಾಡಿ. 2. ಫಿಲ್ಟರ್‌ನ ಡ್ರೈನ್ ವಾಲ್ವ್ ತೆರೆಯಿರಿ. ಗೇಜಿನ ಮುಳ್ಳು ಸೊನ್ನೆಗೆ ಬರುವ ತನಕ ಕಾಯಿರಿ. ಬರದೇ ಇದ್ದರೆ ಮುಚ್ಚಳ ಮುಟ್ಟಬೇಡಿ, ನಮಗೆ ಫೋನ್ ಮಾಡಿ. 3. ಕ್ಲ್ಯಾಂಪ್ ಸಡಿಲ ಮಾಡಿ ಮುಚ್ಚಳ ಎತ್ತಿ. 4. ಜಾಲರಿಯನ್ನು ಹೊರಗೆ ತೆಗೆದು ನೈಲಾನ್ ಬ್ರಷ್‌ನಿಂದ ತೊಳೆಯಿರಿ. ತಂತಿ ಬ್ರಷ್ ಬೇಡ, ಜಾಲರಿ ಹರಿದರೆ ಮರಳೆಲ್ಲ ಡ್ರಿಪ್ಪರ್‌ಗೆ ಹೋಗಿ ಕೂರುತ್ತದೆ."

ಸೊನ್ನೆಗೆ ಬರುವ ತನಕ ಅಂದೆನಲ್ಲ, ಪ್ರತಿ ಹೆಜ್ಜೆಗೂ ಅಂಥದ್ದೊಂದು ಗುರುತು ಸಿಗುತ್ತಾ ಹುಡುಕಿ. ಕೆಲಸ ಸರಿಯಾಗಿ ಆಯಿತು ಅಂತ ಕಣ್ಣಿಗೋ ಕೈಗೋ ಗೊತ್ತಾದರೆ ಅರ್ಧ ಫೋನ್ ಕಮ್ಮಿಯಾಗುತ್ತವೆ. "ಬೇಡ" ಅಂದ ಕಡೆ ಯಾಕೆ ಬೇಡ ಅನ್ನುವುದನ್ನೂ ನಾಲ್ಕು ಮಾತಲ್ಲಿ ಸೇರಿಸಿ. ಕಾರಣ ಗೊತ್ತಿಲ್ಲದ ನಿಯಮವನ್ನು ನಮ್ಮ ಜನ ಪಾಲಿಸುವುದಿಲ್ಲ, ಅದು ತಪ್ಪೂ ಅಲ್ಲ ಬಿಡಿ.

ಪುಟದ ಹಿಂದೆ ಆಸಿಡ್ ಬಿಡುವ ವಿಧಾನವಿದೆ. ಗಡಸು ನೀರಿಗೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಆಸಿಡ್ ಬೇಕಾಗುತ್ತದೆ, ಸರಿ. ಆದರೆ ಬೆರೆಸುವ ವಿಧಾನವನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ಸಣ್ಣಕ್ಷರದಲ್ಲಿ "ಸೂಚನೆ: ಆಸಿಡ್‌ಗೆ ನೀರು ಹಾಕಬಾರದು" ಅಂದಿದ್ದೀರಿ. ಅಷ್ಟೊತ್ತಿಗೆ ಹಾಕಿ ಆಗಿರುತ್ತದೆ, ಮುಖಕ್ಕೆ ಸಿಡಿದೂ ಆಗಿರುತ್ತದೆ. ಎಚ್ಚರಿಕೆ ಆ ಹೆಜ್ಜೆಗಿಂತ ಮುಂಚೆ ಬರಬೇಕು. ಮೊದಲು ಗ್ಲೌಸ್, ಕನ್ನಡಕ. ಆಮೇಲೆ ಪ್ಲಾಸ್ಟಿಕ್ ಬಕೆಟ್‌ಗೆ ನೀರು. ಆಮೇಲೆ ಆ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಆಸಿಡ್. ಈ ಕ್ರಮ ತಪ್ಪಿಸಬೇಡಿ.

ಹೊಸದಾಗಿ ಬರೆದಾದ ಮೇಲೆ ಪ್ರಿಂಟ್ ಹಾಕಿಸುವ ಮುಂಚೆ ಒಂದು ಕೆಲಸ ಮಾಡಿ. ಫಿಲ್ಟರ್ ಬಿಚ್ಚಿಯೇ ಗೊತ್ತಿಲ್ಲದ ಯಾರಿಗಾದರೂ ಚೀಟಿ ಕೊಟ್ಟು ತೊಳೆಯಲು ಹೇಳಿ, ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡಿರಿ. ಅಪಾಯ ಅನಿಸಿದರೆ ಮಾತ್ರ ತಡೆಯಿರಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಗೆರೆ ಎಳೆಯಿರಿ, ಬಿಟ್ಟುಹೋದ ಹೆಜ್ಜೆ ಅಲ್ಲಿದೆ. ಬಾಯಿ ಮುಚ್ಚಿಕೊಂಡಿರುವುದು ಬರೆಯುವುದಕ್ಕಿಂತ ಕಷ್ಟ, ಹೇಳಿರುತ್ತೇನೆ.

ಪ್ರಶ್ನೆ: ನಾನು ಬಾಗೇಪಲ್ಲಿ ಕಡೆ ಆಶಾ ಕಾರ್ಯಕರ್ತೆ. ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಕೊಡುವ ಬಗ್ಗೆ ತಾಯಂದಿರಿಗೆ ಚೀಟಿ ಬರೆಯಬೇಕು. ಎಷ್ಟು ಸಣ್ಣದಾಗಿ ಬರೆಯಲಿ?

ಉತ್ತರ: ಸಣ್ಣದಾಗಿರಲಿ ಅಕ್ಕ, ಆದರೆ ಅಳತೆಯಲ್ಲಿ ಜಿಪುಣತನ ಬೇಡ. "ಪ್ಯಾಕೆಟ್ ನೀರಿಗೆ ಹಾಕಿ" ಅಂದರೆ ಒಂದು ಲೋಟಕ್ಕೇ ಪೂರ್ತಿ ಸುರಿಯುವವರಿದ್ದಾರೆ. 1 ಲೀಟರಿನ ಪ್ಯಾಕೆಟ್ ಬೇರೆ, 200 ಮಿಲಿಲೀಟರಿನ ಚಿಕ್ಕದು ಬೇರೆ. ಹಾಗಾಗಿ ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆ ನೋಡಿ ಅನ್ನುವುದೇ ಮೊದಲ ಹೆಜ್ಜೆಯಾಗಲಿ, ಅಂಕಿ ಕಾಣಿಸುವ ಹಾಗೆ ಒಂದು ಚಿತ್ರ ಇರಲಿ. ಲೀಟರ್ ಅಳೆಯಲು ಅಂಗಡಿಯ 1 ಲೀಟರ್ ನೀರಿನ ಬಾಟಲಿ ಸಾಕು. ಕುದಿಸಿ ಆರಿಸಿದ ನೀರು. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗೋಪುರದ ಹಾಗೆ ತುಂಬಿದ ಚಮಚ ಅಲ್ಲ, ಅಂಚಿಗೆ ಸಮ ಸವರಿದ್ದು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ, ಇದನ್ನು ಹಾಗೇ ಬರೆಯಿರಿ. ಕಲಸಿ 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಮಗು ಕುಡಿಯುತ್ತಿಲ್ಲ, ಕಣ್ಣು ಗುಳಿ ಬಿದ್ದಿವೆ, ಭೇದಿಯಲ್ಲಿ ರಕ್ತ ಇದೆ ಅಂದರೆ ತಕ್ಷಣ ಆಸ್ಪತ್ರೆಗೆ ಅನ್ನುವುದನ್ನು ಚೀಟಿಯ ತಲೆಯ ಮೇಲೇ ಹಾಕಿ, ಕೆಳಗಲ್ಲ.

ಪ್ರಶ್ನೆ: ಮಾಲೂರು ತಾಲ್ಲೂಕಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ ನಾನು. ಹುಡುಗರೆಲ್ಲ ಹಳಬರು. ಅವರಿಗೂ ಹಂತ ಹಂತವಾಗಿ ಬರೆದು ಗೋಡೆಗೆ ಅಂಟಿಸಬೇಕಾ?

ಉತ್ತರ: ಅಷ್ಟುದ್ದ ಬರೆದರೆ ನಗುತ್ತಾರೆ. ಹೊಸಬನಿಗೆ ಹೇಗೆ ಮಾಡುವುದು ಅಂತ ಬೇಕು, ಹಳಬನಿಗೆ ಮರೆಯದಿರಲು ನಾಲ್ಕು ಸಾಲು ಸಾಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರ್‌ಗೆ ಅಂತ 19 ಅಂಶಗಳ ಒಂದು ಪಟ್ಟಿ ತಂದಿತು. ಅದರಲ್ಲಿ ಹೊಟ್ಟೆ ಕೊಯ್ಯುವುದು ಹೇಗೆ ಅಂತ ಇಲ್ಲ, ಅದು ಸರ್ಜನ್‌ಗೆ ಗೊತ್ತು. ರೋಗಿ ಇವರೇನಾ, ಆಪರೇಷನ್ ಯಾವ ಜಾಗಕ್ಕೆ, ಕೊನೆಗೆ ಹತ್ತಿ ಬಟ್ಟೆ ಉಪಕರಣಗಳ ಎಣಿಕೆ ಸರಿಯಾಯಿತಾ, ಇಂಥವೇ ಇರುವುದು. ನಿಮ್ಮಲ್ಲೂ ಅಷ್ಟೇ: ತೂಕದ ಮೆಷಿನ್ ಸೊನ್ನೆ ತೋರಿಸುತ್ತಿದೆಯಾ, ಸ್ಯಾಂಪಲ್ ತೆಗೆಯುವ ಮುಂಚೆ ಹಾಲು ಕಲಕಿದಿರಾ, ಕೂಲರ್ 4 ಡಿಗ್ರಿಗೆ ಇಳಿಯಿತಾ. ಹೊಸ ಹುಡುಗ ಸೇರಿದ ದಿನ ಉದ್ದದ್ದನ್ನು ಕೊಡಿ.

ಪ್ರಶ್ನೆ: ಇದನ್ನೆಲ್ಲ ಬರೆಯುವ ಬದಲು ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದರೆ ಸಾಕಲ್ವಾ? – ತುಮಕೂರಿನ ಓದುಗರು

ಉತ್ತರ: ಕೈ ಹೇಗೆ ತಿರುಗಿಸಬೇಕು ಅಂತ ತೋರಿಸಲು ವಿಡಿಯೋದಷ್ಟು ಚೆನ್ನಾಗಿ ಬೇರೇನೂ ಇಲ್ಲ. ಅಳತೆಗೆ, ಅಂಕಿಗೆ ಮಾತ್ರ ಅದು ಹಿಂಸೆ. ಒಂದು ನಂಬರ್ ಹುಡುಕಲು ಒದ್ದೆ ಬೆರಳಲ್ಲಿ ಹಿಂದೆ ಮುಂದೆ ಎಳೆಯುತ್ತಾ ಕೂರಬೇಕು, ತೋಟದಲ್ಲಿ ನೆಟ್‌ವರ್ಕ್ ಇದ್ದರೆ. ವಿಡಿಯೋ ಕಳಿಸಿ, ಅದರ ಕೆಳಗೇ ಅಂಕಿಗಳನ್ನು ಟೈಪ್ ಮಾಡಿಬಿಡಿ.