ದೂರು ಪೆಟ್ಟಿಗೆ ಖಾಲಿ ಯಾಕೆ?

ಶಿರಸಿ ಕಡೆಯ ನಿಮ್ಮ ಹೈಸ್ಕೂಲಿನ ದೂರು ಪೆಟ್ಟಿಗೆಗೆ ಮೂರು ತಿಂಗಳಿಂದ ಒಂದು ಚೀಟಿಯೂ ಬಿದ್ದಿಲ್ಲ ಎಂದಿರಿ. ಪೆಟ್ಟಿಗೆ ಮುಖ್ಯ ಮಾಸ್ತರರ ಕೋಣೆ ಎದುರಿಗೇ ಇದೆಯೇನೋ. ನೋಡದೆ ಖಚಿತ ಹೇಳಲಾರೆ, ನಮ್ಮ ಶಾಲೆಯಲ್ಲಂತೂ ಅದೇ ಕಾರಣವಾಗಿತ್ತು. ಚೀಟಿ ಹಾಕುವವರು ಎಲ್ಲರಿಗೂ ಕಾಣುತ್ತಾರೆ. ಕಾಣದಿದ್ದರೂ ಅಕ್ಷರ ನೋಡಿ ಮಾಸ್ತರಿಗೆ ಗೊತ್ತಾಗಿಬಿಡುತ್ತದೆ!

ಮೊದಲು ಅದನ್ನು ನೀರಿನ ನಲ್ಲಿ ಹತ್ತಿರಕ್ಕೆ ಒಯ್ಯಿರಿ. ಕೀಲಿ ಒಬ್ಬರ ಕೈಲಿ ಬೇಡ. ಒಬ್ಬ ಅಕ್ಕೋರು (ಶಿಕ್ಷಕಿ), ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಬ್ಬ ತಾಯಿ ಸೇರಿ ಶನಿವಾರ ತೆರೆಯಲಿ. ಸೋಮವಾರದ ಪ್ರಾರ್ಥನೆ ವೇಳೆ ಹೆಸರೆತ್ತದೆ ಉತ್ತರ ಹೇಳಿ. ಚೀಟಿಯಲ್ಲಿ ದೂರಿದ್ದ ಶೌಚಾಲಯದ ಮುರಿದ ಚಿಲಕ ಸರಿಯಾದ ಮೇಲೆಯೇ ನಮ್ಮ ಮಕ್ಕಳು ದೊಡ್ಡ ವಿಷಯ ಬರೆದದ್ದು.

ಲೈಂಗಿಕ ಕಿರುಕುಳದ ಚೀಟಿ ಬಂದರೆ ಶಾಲೆಯೊಳಗೆ ರಾಜಿ ಮಾಡಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಅನ್ನು ಪೆಟ್ಟಿಗೆ ಮೇಲೆಯೇ ದಪ್ಪಕ್ಷರದಲ್ಲಿ ಬರೆಸಿ.